ದಾರಿಯಲ್ಲಿರುವ ಬೆಂಕಿ

ನಮ್ಮ ಊರಿನಲ್ಲಿ ಬೆಂಕಿ ಹೆಚ್ಚುವುದಿಲ್ಲ. ಬೇರೆ ಊರುಗಳಲ್ಲಿ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಎರಡೂ ಉರಿಯುತ್ತವಂತೆ. ಕೇಳಿದ್ದೇನೆ, ನೋಡಿಲ್ಲ, ನಂಬಿಯೂ ಇಲ್ಲ. ನಮ್ಮಲ್ಲಿ ಈ ಬತ್ತಿಯಿಂದ ಆ ಬತ್ತಿ ಹಚ್ಚಿದರೆ ಈ ಬತ್ತಿ ಆರಿಹೋಗುತ್ತದೆ. ಅರ್ಧ ಕೊಟ್ಟರೆ ಅರ್ಧ ಉಳಿಯುತ್ತದೆ, ಪೂರ್ತಿ ಕೊಟ್ಟರೆ ಬೂದಿ ಉಳಿಯುತ್ತದೆ. ಕಲ್ಲಿಗೆ ಕಲ್ಲು ಕುಟ್ಟಿದರೆ ಕೈ ನೋಯುತ್ತದೆ, ಕಿಡಿ ಹಾರುವುದಿಲ್ಲ. ಅವರವರ ಬೆಂಕಿ ಅವರವರ ಹಿರಿಯರಿಂದ ಬಂದದ್ದು. ನನ್ನದು ನಮ್ಮಮ್ಮನಿಂದ ಬಂತು, ಅವಳಿಗೆ ಅವಳಮ್ಮನಿಂದ. ಎಡಕ್ಕೆ ವಾಲಿಕೊಂಡು ಉರಿಯುವುದು ಅದರ ಚಾಳಿ. ಗಾಳಿಯೇ ಇಲ್ಲದಿದ್ದರೂ ಎಡಕ್ಕೇ ವಾಲುತ್ತದೆ. ನಮ್ಮಮ್ಮನೂ ಹಾಗೇ ಮೊಂಡಿ.

ಊರಿಗೆ ಎರಡು ಮಗ್ಗುಲು, ಮೂಡಲು ಮತ್ತು ಪಡುವಲು. ನಡುವೆ ಕಣಿವೆ. ಕಣಿವೆಯಲ್ಲಿ ಗಾಳಿ ಬೀಸುತ್ತದೆ. ಬೆಳಿಗ್ಗೆಯೂ ಬೀಸುತ್ತದೆ, ಸಂಜೆಯೂ ಬೀಸುತ್ತದೆ, ನಿಂತದ್ದನ್ನು ಕಂಡವರಿಲ್ಲ. ಸೆರಗು ಬಿಗಿದು ತಲೆ ತಗ್ಗಿಸಿ ನಡೆದರೆ ಮನುಷ್ಯರು ದಾಟಬಹುದು. ದೀಪ ದಾಟುವುದಿಲ್ಲ. ಪಂಜು ದಾಟುವುದಿಲ್ಲ. ಯಾರಾದರೂ ಹೊತ್ತು ದಾಟಿಸಲು ಹೋದರೆ ಅದು ಕಟ್ಟಳೆಗೂ ವಿರುದ್ಧ.

ಅದಕ್ಕೇ ಬೆಂಕಿಮನೆಗಳು ಹುಟ್ಟಿಕೊಂಡವು. ಮೂಡಲಲ್ಲಿ ಒಂದು, ಪಡುವಲಲ್ಲಿ ಒಂದು. ಒಳಗೆ ಗೋಡೆ ತುಂಬ ಗೂಡುಗಳು, ಒಬ್ಬೊಬ್ಬರಿಗೆ ಒಂದೊಂದು. ಮನೆಯಲ್ಲಿಟ್ಟರೆ ಗಾಳಿ ನುಗ್ಗಿ ಆರಿಸಿಬಿಡುತ್ತದೆ ಅಂತ ಜನ ತಮ್ಮ ಬೆಂಕಿಯನ್ನು ಗೂಡಿನಲ್ಲಿಟ್ಟು, ಅಡಿಗೆಗೆ ಬೇಕಾದಷ್ಟು ತಂದು, ಮಿಕ್ಕಿದ್ದನ್ನು ಹಿಂದಕ್ಕಿಟ್ಟು ಬದುಕುತ್ತಾರೆ. ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬೆಂಕಿ ಕಳಿಸಬೇಕಾದರೆ ಇಲ್ಲಿ ಗೂಡಿನಲ್ಲಿ ನಂದಿಸಿ ಕೊಂಬು ಊದುತ್ತಾರೆ. ಅದನ್ನು ಗುಡ್ಡದ ಮೇಲಿನ ನಡುಮನೆಯವರು ಕೇಳಿಸಿಕೊಂಡು ತಮ್ಮ ಕೊಂಬು ಊದುತ್ತಾರೆ. ಆ ಸದ್ದು ಕೇಳಿ ಆ ಕಡೆಯವರು ಅಲ್ಲಿನ ಗೂಡಿನಲ್ಲಿ ಹತ್ತಿಸುತ್ತಾರೆ. ಬೆಂಕಿ ನಡೆಯುವುದಿಲ್ಲ, ಸದ್ದು ನಡೆಯುತ್ತದೆ. ಇಲ್ಲಿ ಆರುತ್ತದೆ, ಅಲ್ಲಿ ಹತ್ತುತ್ತದೆ. ‘ಕಣ್ಣು ಮುಚ್ಚಿ ತೆಗೆಯುವುದರೊಳಗೆ’ ಅಂತ ಬೆಂಕಿಮನೆಯ ಹೊರಗೋಡೆಯ ಮೇಲೆ ಆಳೆತ್ತರ ಬರೆಸಿದ್ದಾರೆ. ಆ ಗೋಡೆಗೆ ಬೆಂಕಿ ಬೀಳ ಅಂತ ಬಯ್ಯೋಣವೆಂದರೆ ನಮ್ಮೂರಲ್ಲಿ ಅದೂ ದುಬಾರಿ.

ನನ್ನ ತಂಗಿ ಚೆನ್ನಾಜಿಯನ್ನು ಪಡುವಲಿಗೆ ಕೊಟ್ಟಿತ್ತು. ಅವಳ ಗಂಡ ಅನ್ನಿಸಿಕೊಂಡವನು ಬಸುರಿಯನ್ನು ಬಿಟ್ಟು ಎತ್ತಲೋ ಹೋದ, ಸುದ್ದಿಯಿಲ್ಲ. ಅವಳಿಗೆ ಅಂತ ಇರುವುದು ನಾನೊಬ್ಬಳೇ. ಹೆರಿಗೆಯಾಯಿತು ಅಂತ ಸೂಲಗಿತ್ತಿ ಕಣಿವೆ ದಾಟಿಕೊಂಡು ಬಂದು ಹೇಳಿದಳು. ಹೆಣ್ಣು ಕೂಸು. ನಾನು ಸಕ್ಕರೆ ತರಲು ಒಳಗೆ ಓಡಿದೆ. ಸೂಲಗಿತ್ತಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಅಂಗೈಯಲ್ಲೇ ಹಿಡಿದು ನಿಂತಳು.

“ದೇವೀರಕ್ಕ, ಬಾಗ್ಲು ತೆಗ್ದೋಳು ನಾನೇ ಕಣಕ್ಕ. ಹೊಗೆ ಕಟ್ಕೊಂಡು ಉಸ್ರಾಡೋಕೆ ಆಗ್ತಿರಲಿಲ್ಲ. ಗಾಳಿ ನುಗ್ತು. ಗೂಡಲ್ಲಿದ್ದದ್ದನ್ನೆಲ್ಲಾ ಹೆರಿಗೇಗೆ ಅಂತ ತರಿಸ್ಕೊಂಡಿದ್ಲು. ಎಲ್ಲಾ ಆರೋಯ್ತು.”

“ಎಲ್ಲಾನಾ?”

“ಒಂದು ಕೆಂಡಾನೂ ಉಳೀಲಿಲ್ಲ. ಕೂಸಿಗೆ ಇನ್ನೂ ನೀರು ಹುಯ್ದಿಲ್ಲ. ಪಾದ ತಣ್ಣಗೈತೆ. ಅಳೋಕೂ ತ್ರಾಣ ಇಲ್ದೆ ಕುಯ್ ಅಂತೈತೆ.”

ನೆರೆಯ ಹೆಂಗಸರು ತಮ್ಮ ತಮ್ಮ ಒಲೆಯ ಮುಂದೆ ಬಟ್ಟೆ ಕಾಯಿಸಿ ತಂದು ಸುತ್ತುತ್ತಿದ್ದಾರಂತೆ. ಅವರಾದರೂ ಎಷ್ಟು ಮಾಡಿಯಾರು? ತಮ್ಮ ಬೆಂಕಿ ಕೊಟ್ಟರೆ ಅವರ ಮಕ್ಕಳಿಗೆ ಗಂಜಿಯಿಲ್ಲ. ಬಾಣಂತಿಯನ್ನೂ ಹಸುಗೂಸನ್ನೂ ಆ ಕಣಿವೆಯ ಗಾಳಿಗೆ ಒಡ್ಡಿ ನಮ್ಮ ಮನೆಗೆ ಕರೆತರುವ ಹಾಗೂ ಇಲ್ಲ. ನನ್ನ ಗೂಡಿನಲ್ಲಿ ಬೆಂಕಿ ಇತ್ತು, ಧಾರಾಳವಾಗಿ ಇತ್ತು. ಅರ್ಧ ಕಳಿಸಿದರೆ ಕೂಸು ಬದುಕುತ್ತದೆ. ಇಷ್ಟೇ ಕೆಲಸ. ನಾನು ಕಾಲಿಗೆ ಸಿಕ್ಕ ಮೆಟ್ಟು ಮೆಟ್ಟಿಕೊಂಡು ಬೆಂಕಿಮನೆಗೆ ಹೊರಟೆ.

ಮೂಡಲ ಬೆಂಕಿಮನೆಯ ಕಿಂಡಿಯಲ್ಲಿ ಕೂತಿದ್ದವನು ನಗುಮುಖದವನು. ಅವನ ನಗು ನೋಡಿ ಮೊದಲು ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಅದು ಅವನ ಮುಖಕ್ಕೆ ಅಂಟಿಕೊಂಡ ನಗು, ನನಗೆ ಸೇರಿದ್ದಲ್ಲ.

“ಅರ್ಧ ಬೆಂಕಿ ಪಡುವಲಿಗೆ ಕಳಿಸಬೇಕಪ್ಪಾ. ನನ್ನ ತಂಗಿಗೆ.”

“ಖಂಡಿತ ತಾಯಿ. ಆ ಗೂಡು ನಮಗೆ ಗುರುತಿದೆಯಾ?”

“ನನ್ನ ಒಡಹುಟ್ಟಿದೋಳು. ನನ್ನ ಬೆನ್ನಿಗೆ ಬಿದ್ದೋಳು. ಎತ್ತಿ ಆಡಿಸಿದ್ದೀನಿ.”

“ನಿಮಗೆ ಗುರುತು ತಾಯಿ. ಬೆಂಕಿಮನೆಗೆ ಗುರುತಿಲ್ಲ. ಇವತ್ತು ಗುರುತು ಹಾಕಿದರೆ ನಾಳೆ ಗುರುತು ಹಿಡಿಯುತ್ತದೆ.”

“ಅಲ್ಲಯ್ಯಾ, ಅಲ್ಲಿ ಕೂಸಿನ ಕಾಲು ತಣ್ಣಗಾಗಿದೆ!”

“ನಿಮ್ಮ ಒಳ್ಳೆಯದಕ್ಕೇ ತಾಯಿ. ಯಾರೋ ಕಳ್ಳರು ನಿಮ್ಮ ತಂಗಿ ಅಂತ ಹೇಳಿಕೊಂಡು ಬೆಂಕಿ ತರಿಸಿಕೊಂಡರೆ?”

ಕಳ್ಳರು ನನ್ನ ತಂಗಿಯಾಗಿ ಹುಟ್ಟುತ್ತಾರಾ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾಳೆಯವರೆಗೆ ಕಾದೆ. ಆ ಕಾಯುವಿಕೆಯಲ್ಲಿ ನನ್ನ ಒಲೆಯ ಮುಂದೆ ಕೂತು ಕೈ ಚಾಚಿದರೆ ಪಾಪ ಮಾಡಿದ ಹಾಗೆ ಅನ್ನಿಸಿ ಹಿಂದಕ್ಕೆಳೆದುಕೊಂಡೆ.

ನಾಳೆಯಾಯಿತು. ಗುರುತು ಹಿಡಿದಿತ್ತು. ಈಗ ಕಿವಿಮಾತು ಅಂದರು. ಬೆಂಕಿಮನೆಯ ಹಿತ್ತಲ ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ. ಅವನು ಕಿವಿಯಲ್ಲಿ ಒಂದು ಮಾತು ಹೇಳುತ್ತಾನೆ. ಅದನ್ನು ತಂದು ಮುಂಬಾಗಿಲ ಕಿಂಡಿಯಲ್ಲಿ ಹೇಳಬೇಕು. ಅಷ್ಟರೊಳಗೆ ಕಿಂಡಿಯಲ್ಲಿ ಹಚ್ಚಿಟ್ಟ ಕರ್ಪೂರದ ಹರಳು ಉರಿದು ಮುಗಿದರೆ ಆ ಮಾತು ಕೆಟ್ಟಿತು, ಇನ್ನೊಂದು ಮಾತು ಕೇಳಬೇಕು. ಹಿತ್ತಲಿನಿಂದ ಮುಂಬಾಗಿಲಿಗೆ ಇಡೀ ಕಟ್ಟಡ ಸುತ್ತಬೇಕು. ನನಗೆ ಮಂಡಿನೋವು ಬೇರೆ.

ಮೊದಲ ಸಲ ಹೋದಾಗ ಹಿತ್ತಲವನು, “ಈ ಮಾತನ್ನ ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ” ಅಂತ ಪಿಸುಗುಟ್ಟಿ ಮಾತು ಹೇಳಿದ. ಮುಂಬಾಗಿಲಿಗೆ ಓಡಿ ಬಂದೆ. ಕಿಂಡಿಯವನು, “ಎಲ್ಲಿ, ಹೇಳಿ” ಅಂದ. ಹೇಳಬೇಡ ಅಂದವನೂ ಅವರ ಮನೆಯವನೇ, ಹೇಳು ಅಂದವನೂ ಅವರ ಮನೆಯವನೇ. ಯಾರ ಮಾತು ಕೇಳಲಿ ಅಂತ ಯೋಚಿಸುವಷ್ಟರಲ್ಲಿ ಕರ್ಪೂರ ಉರಿದು ಹೋಯಿತು. ಎರಡನೇ ಸಲ ಓಡಿದೆ, ಮಾತು ಹೊತ್ತುಕೊಂಡು ಬರುವಾಗ ಮಂಡಿ ಹಿಡಿದುಕೊಂಡಿತು. ಕರ್ಪೂರ ಉರಿದು ಹೋಯಿತು. ಆಮೇಲೆ ಸೀರೆ ಎತ್ತಿ ಕಟ್ಟಿ, ನಾಚಿಕೆ ಬಿಟ್ಟು, ದಾರಿಯುದ್ದಕ್ಕೂ ಆ ಮಾತನ್ನು ಕೂಗಿಕೊಂಡೇ ಬಂದೆ. ಯಾರಿಗೂ ಹೇಳಬಾರದ ಮಾತು ಬೀದಿಗೆಲ್ಲ ಕೇಳಿಸಿತು. ಕಿಂಡಿಯವನಿಗೂ ಕೇಳಿಸಿತು, ಅಷ್ಟೇ ಬೇಕಾಗಿತ್ತು.

ನನ್ನ ಗೂಡಿನ ಮುಂದೆ ನಿಲ್ಲಿಸಿ ಅರ್ಧ ನಂದಿಸಿದರು. ಕೂಲಿ ಅಂತ ಒಂದು ಕೆಂಡ ಮುರಿದುಕೊಂಡರು. ಕೊಂಬು ಊದಿದರು. ನಾನು ಕೈ ಮುಗಿದೆ.

“ಹೋಯ್ತಾ?”

“ಹೋಯ್ತು ತಾಯಿ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ.”

ಕಣ್ಣು ಮುಚ್ಚಿ ತೆಗೆದೆ. ಕಣಿವೆ ದಾಟಿ ಪಡುವಲಿಗೆ ಹೋದೆ, ಕೂಸಿಗೆ ಎಣ್ಣೆ ಒತ್ತಿ ನೀರು ಹುಯ್ಯೋಣ ಅಂತ ಹರಳೆಣ್ಣೆ ಕುಡಿಕೆ ಸೊಂಟಕ್ಕೆ ಸಿಕ್ಕಿಸಿಕೊಂಡು. ತಂಗಿಯ ಮನೆಯ ಒಲೆ ಕಪ್ಪಗೆ ಬಾಯಿ ಬಿಟ್ಟುಕೊಂಡಿತ್ತು. ಚೆನ್ನಾಜಿ ಕೂಸನ್ನು ರವಿಕೆಯೊಳಗೆ ಅವುಚಿಕೊಂಡು ಗೋಡೆಗೆ ಒರಗಿದ್ದಳು. ಅವಳ ತುಟಿಯೂ ನೀಲಿಗಟ್ಟಿತ್ತು. ನಾನು ಕೂಸಿನ ಪಾದ ಮುಟ್ಟಿದೆ. ತಣ್ಣಗಿತ್ತು.

“ಬಂದಿಲ್ವಾ?”

“ಎಲ್ಲಕ್ಕ. ಬೆಳಿಗ್ಗೆಯಿಂದ ಮನುಷ್ಯರನ್ನ ಕಳಿಸಿ ಕೇಳ್ತಾನೇ ಇದ್ದೀನಿ. ಗೂಡು ಖಾಲಿ.”

ಪಡುವಲ ಬೆಂಕಿಮನೆಯ ಕಿಂಡಿಗೆ ಹೋದೆ. ಅಲ್ಲಿ ಕೂತವನಿಗೆ ನಗು ಇರಲಿಲ್ಲ, ಆಕಳಿಕೆ ಇತ್ತು.

“ಮೂಡಲಿನಿಂದ ಬೆಂಕಿ ಕಳಿಸಿದ್ದೀನಿ.”

“ನಮ್ಮ ಕಡೆಗೆ ಬಂದಿಲ್ಲ.”

“ಅವರು ಹೋಗಿದೆ ಅಂತಾರೆ.”

“ಹೋಗಿರಬಹುದು. ಬಂದಿಲ್ಲ.”

“ಹೋಗಿದ್ದು ಬರಬೇಕಲ್ಲಯ್ಯಾ? ಮತ್ತೆಲ್ಲಿ ಹೋಗುತ್ತೆ?”

“ಅಮ್ಮಾ, ಕಳಿಸಿದವರು ಕಳಿಸಿದ ಕಡೆಯೇ ಕೇಳಬೇಕು. ಇಲ್ಲಿ ಬಂದದ್ದರ ಬಗ್ಗೆ ಮಾತ್ರ ಕೇಳಬಹುದು. ನಿಮ್ಮದು ಬಂದಿಲ್ಲ, ಆದ್ದರಿಂದ ಇಲ್ಲಿ ಕೇಳುವ ಹಾಗಿಲ್ಲ.”

ಮತ್ತೆ ಕಣಿವೆ. ಮತ್ತೆ ಗಾಳಿ. ಮೂಡಲ ಕಿಂಡಿಯಲ್ಲಿ ಅದೇ ನಗು.

“ನಮ್ಮ ಕಡೆಯಿಂದ ಹೋಗಿದೆ ತಾಯಿ.”

“ಅಲ್ಲಿಗೆ ಬಂದಿಲ್ಲ.”

“ಹಾಗಾದ್ರೆ ಅಲ್ಲಿ ಕೇಳಿ.”

“ಅಲ್ಲಿ ಕೇಳಿದ್ದಕ್ಕೇ ಇಲ್ಲಿ ಕೇಳು ಅಂದ್ರು!”

“ಹಾಗಾದ್ರೆ ದೂರು ಕೊಡಿ ತಾಯಿ,” ಅಂದು ನನ್ನ ಮುಂಗೈಗೆ ಒಂದು ಬಿಳಿ ದಾರ ಕಟ್ಟಿದ. ಈ ದಾರ ಇರುವವರೆಗೂ ನನ್ನ ದೂರು ಬದುಕಿರುತ್ತದಂತೆ, ಕಳೆದುಕೊಂಡರೆ ದೂರೂ ಸತ್ತ ಹಾಗಂತೆ. ಮಾರನೆಯ ದಿನ ಹೋದರೆ ಬಿಳಿ ದಾರದ ಮೇಲೆ ಹಳದಿ ದಾರ ಕಟ್ಟಿದ. ಅದು ದೊಡ್ಡವರ ಕಣ್ಣಿಗೆ ಬಿದ್ದಿದೆ ಅನ್ನುವ ಗುರುತು. ಮುಂದಿನ ಸಲ ಹಳದಿಯ ಮೇಲೆ ಕೆಂಪು. ಅದು ಇನ್ನೂ ದೊಡ್ಡವರದು. ನನ್ನ ಕೈ ನೋಡಿ ಬೀದಿಯಲ್ಲಿ ಯಾವುದೋ ಹೆಂಗಸು, “ಯಾವ ದೇವರಿಗೆ ಹರಕೆ ಹೊತ್ತಿದ್ದೀರಿ?” ಅಂತ ಕೇಳಿದಳು. ದೇವರಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಬಾಯಿಗೆ ಹೆದರಿ ಏನಾದರೂ ಮಾಡಿರುತ್ತಿದ್ದ.

ಮೂಡಲಿಗೆ ಹೋದೆ, ಹೋಗಿದೆ ಅಂದರು. ಪಡುವಲಿಗೆ ಹೋದೆ, ಬಂದಿಲ್ಲ ಅಂದರು. ಹೋಗಿದೆ, ಬಂದಿಲ್ಲ. ಹೋಗಿದೆ, ಬಂದಿಲ್ಲ. ನಡೆಯುತ್ತ ನಡೆಯುತ್ತ ನನ್ನ ಕಾಲುಗಳೇ ಅದನ್ನು ಹೇಳತೊಡಗಿದವು. ಎಡಗಾಲು ಹೋಗಿದೆ ಅನ್ನುವುದು, ಬಲಗಾಲು ಬಂದಿಲ್ಲ ಅನ್ನುವುದು. ಪ್ರತಿ ಸಲವೂ ನಡುವೆ ತಂಗಿಯ ಮನೆಗೆ ಹೋಗಿ ಕೂಸಿನ ಪಾದ ಮುಟ್ಟುತ್ತಿದ್ದೆ. ಪ್ರತಿ ಸಲವೂ ಚೆನ್ನಾಜಿ ನನ್ನ ಮುಖ ನೋಡುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟಳು. ಅವಳು ಕೇಳದೆ ಇದ್ದದ್ದು ನನಗೆ ಕೇಳಿದ್ದಕ್ಕಿಂತ ಹೆಚ್ಚು ಉರಿಯಿತು.

ನೆರೆಯವರು ಬಟ್ಟೆ ಕಾಯಿಸಿ ತರುವುದೂ ಕಡಿಮೆಯಾಯಿತು. ಅವರನ್ನು ದೂರುವುದಿಲ್ಲ. ಅವರಿಗೂ ಮನೆಮಠ ಇದೆ.

ಒಂದು ದಿನ ಮೂಡಲ ಕಿಂಡಿಯ ಮುಂದೆ ನಾನು ಅತ್ತುಬಿಟ್ಟೆ. ಜಗಳ ಆಡೋಣ ಅಂತಲೇ ಹೋದವಳು, ಬಾಯಿ ತೆಗೆದರೆ ಅಳು ಬಂತು. ಕಿಂಡಿಯವನು ಪಾಪ ಅನ್ನಿಸಿದವನ ಹಾಗೆ ಮುಂದಕ್ಕೆ ಬಗ್ಗಿದ.

“ತಾಯಿ, ಒಂದು ಹೇಳ್ತೀನಿ. ಇನ್ನೊಂದ್ಸಲ ಕಳಿಸಿ ನೋಡಿ.”

“ಮೊದಲು ಕಳಿಸಿದ್ದೇ ಮುಟ್ಟಿಲ್ಲವಲ್ಲಪ್ಪಾ!”

“ಅದು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತೆ. ಎರಡನೇದು ಹೋಗಿ ಅದನ್ನ ಹಿಂದಿನಿಂದ ತಳ್ಳುತ್ತೆ.”

ಈಗ ಹೇಳುವಾಗ ನನಗೇ ನಗು ಬರುತ್ತದೆ. ಆವತ್ತು ಬರಲಿಲ್ಲ. ಕೂಸಿನ ಪಾದ ಕಣ್ಣ ಮುಂದೆ ಇದ್ದವಳಿಗೆ ಯಾವ ಮಾತೂ ಸರಿಯಾಗಿಯೇ ಕೇಳಿಸುತ್ತದೆ. ಮತ್ತೆ ಹಿತ್ತಲಿಗೆ ಓಡಿದೆ, ಮತ್ತೆ ಕಿವಿಮಾತು ಕೂಗಿಕೊಂಡು ಬಂದೆ. ನನ್ನ ಗೂಡಿನಲ್ಲಿ ಉಳಿದಿದ್ದ ಇನ್ನರ್ಧವನ್ನೂ ನಂದಿಸಿದರು. ಕೂಲಿಗೆ ಇನ್ನೊಂದು ಕೆಂಡ. ಕೊಂಬು. ಅಮ್ಮನ ಬೆಂಕಿ ಎಡಕ್ಕೆ ಒಮ್ಮೆ ವಾಲಿತು, ಆರಿತು. ಗೂಡು ಕಪ್ಪಗೆ ಕಂಡಿತು. ಹುಟ್ಟಿದಾಗಿನಿಂದ ಆ ಗೂಡನ್ನು ಕಪ್ಪಗೆ ನೋಡಿರಲಿಲ್ಲ.

“ಹೋಗಿದೆ ತಾಯಿ.”

ಪಡುವಲಿಗೆ ಓಡಿದೆ.

“ಬಂದಿಲ್ಲ ಅಮ್ಮಾ.”

ಅಲ್ಲಿಗೆ ಮುಗಿಯಿತು. ಈಗ ಎರಡು ಮನೆಯೂ ಕತ್ತಲೆ. ಅವಳದ್ದೂ ಆರಿತ್ತು, ನನ್ನದೂ ಆರಿತ್ತು. ಕಣಿವೆಯ ನಡುವೆ ಕುಕ್ಕರುಗಾಲಲ್ಲಿ ಕೂತು ನನ್ನ ತಲೆ ನಾನೇ ಚಚ್ಚಿಕೊಂಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದಕ್ಕೇ ನನಗೆ ತಲೆ ಕೆಟ್ಟುಹೋಗಿದ್ದು. ಹೋಗಿದ್ದೂ ನಿಜ, ಬರದಿದ್ದದ್ದೂ ನಿಜ. ಹಾಗಾದರೆ ನಮ್ಮಮ್ಮನ ಬೆಂಕಿ ಈಗ ಯಾವ ಮೂಲೆಯಲ್ಲಿದೆ? ಯಾರನ್ನು ಹಿಡಿದು ಕೇಳಲಿ?

ತಲೆಯೆತ್ತಿದಾಗ ಗುಡ್ಡ ಕಾಣಿಸಿತು. ಗುಡ್ಡದ ಮೇಲೆ ನಡುಮನೆ. ನಡುಮನೆಯ ಮೇಲೆ ಯಾವಾಗಲೂ ಒಂದು ಕೆಂಪು ಬೆಳಕು ಇರುತ್ತದೆ. ನಮ್ಮೂರಿನವರು ಬೆಳಿಗ್ಗೆ ಎದ್ದು ಅದಕ್ಕೆ ಕೈ ಮುಗಿಯುತ್ತಾರೆ. ನಾನೂ ಮುಗಿದಿದ್ದೇನೆ, ಜೀವಮಾನವಿಡೀ. ಮೇಲೆ ಹೋಗಿ ನೋಡಿದವರು ಯಾರೂ ಇಲ್ಲ. ಹೋಗಬಾರದು ಅಂತ ಯಾರೂ ಹೇಳಿಯೂ ಇಲ್ಲ. ಹೋಗಬೇಕು ಅಂತ ಯಾರಿಗೂ ಅನ್ನಿಸಿಲ್ಲ, ಅಷ್ಟೇ.

ನಾನು ಗುಡ್ಡ ಹತ್ತಿದೆ. ಹತ್ತುತ್ತ ಹತ್ತುತ್ತ ಗಾಳಿ ಕಡಿಮೆಯಾಯಿತು. ಕಲ್ಲುಗಳು ಬೆಚ್ಚಗಾದವು. ನಡುಮನೆಯ ಬಾಗಿಲಿಗೆ ಬೀಗ ಇರಲಿಲ್ಲ, ತಳ್ಳಿದೆ. ಒಳಗಿನ ಕಾವು ಮುಖಕ್ಕೆ ಬಡಿಯಿತು.

ಅಯ್ಯೋ ಶಿವನೇ! ಉದ್ದಾನುದ್ದ ಹಜಾರ. ಹಜಾರದ ಈ ತುದಿಯಿಂದ ಆ ತುದಿಯವರೆಗೆ ಒಲೆಗಳು. ಎಲ್ಲ ಒಲೆಗಳಲ್ಲೂ ಬೆಂಕಿ. ಸಣ್ಣದು, ದೊಡ್ಡದು, ಚಟಪಟ ಅನ್ನುವುದು, ಸುಮ್ಮನೆ ಕೆಂಪಗೆ ಕೂತದ್ದು. ಯಾರ್ಯಾರದೋ ಮನೆಯ ಬೆಂಕಿ. ಎಲ್ಲದರ ಮೇಲೂ ಪಾತ್ರೆ ಇತ್ತು. ಮೈಮೇಲೆ ಒಂದು ತುಂಡು ಪಂಚೆ ಬಿಟ್ಟರೆ ಬೇರೇನೂ ಇಲ್ಲದ ಒಬ್ಬ ದಪ್ಪನೆಯ ಮನುಷ್ಯ ಬೆವರೊರೆಸಿಕೊಳ್ಳುತ್ತ ಸೌಟು ತಿರುಗಿಸುತ್ತಿದ್ದ. ಅವನ ಪಕ್ಕದಲ್ಲಿ ಕೊಂಬು ಗೋಡೆಗೆ ಒರಗಿ ನಿಂತಿತ್ತು.

“ಬನ್ನಿ ತಾಯಿ, ಬನ್ನಿ. ಚಳಿಯಲ್ಲಿ ಬಂದಿದ್ದೀರಿ. ಕೈ ಕಾಯಿಸಿಕೊಳ್ಳಿ,” ಅಂದ.

ಅವನ ದನಿಯಲ್ಲಿ ಕಪಟ ಇರಲಿಲ್ಲ. ನನ್ನ ಕೈಗಳು ನನ್ನನ್ನು ಕೇಳದೆಯೇ ಮುಂದಕ್ಕೆ ಹೋದವು. ಎಷ್ಟೋ ದಿನದಿಂದ ಮರಗಟ್ಟಿದ ಬೆರಳು ಜುಮ್ಮೆಂದವು. ಆಗ ನೋಡಿದೆ, ನಾನು ಕೈ ಚಾಚಿದ್ದ ಬೆಂಕಿ ಎಡಕ್ಕೆ ವಾಲಿಕೊಂಡು ಉರಿಯುತ್ತಿತ್ತು. ಅದರ ಪಕ್ಕದ್ದೂ ಎಡಕ್ಕೇ. ಮೊದಲ ಅರ್ಧದ ಮೇಲೆ ಅನ್ನ ಕುದಿಯುತ್ತಿತ್ತು. ಎರಡನೇ ಅರ್ಧದ ಮೇಲೆ ಹುರುಳಿ ಸಾರು.

“ಇದು ಯಾರ ಬೆಂಕಿ?” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಯಾರದ್ದೂ ಅಲ್ಲ ತಾಯಿ. ದಾರಿಯಲ್ಲಿರೋದು.”

“ದಾರಿ ಎಲ್ಲಿದೆ ಇಲ್ಲಿ? ಇದು ಮನೆ! ಮೇಲೆ ಸೂರಿದೆ, ಒಲೆಯಿದೆ, ನೀನು ಅಡಿಗೆ ಮಾಡ್ತಿದ್ದೀಯ!”

“ಕಳಿಸಿದವರ ಗೂಡಿನಲ್ಲಿ ಇಲ್ಲ, ತಲುಪಬೇಕಾದವರ ಗೂಡಿಗೆ ಹೋಗಿಲ್ಲ. ಮೂಡಲ ಕೊಂಬು ಕೇಳಿದ್ರೆ ಇಲ್ಲಿ ಹತ್ತುತ್ತೆ, ನಾನು ಊದೋವರೆಗೂ ಇಲ್ಲೇ ಇರುತ್ತೆ. ನಡುವೆ ಇರೋದಕ್ಕೆ ದಾರಿಯಲ್ಲಿರೋದು ಅಂತಾರೆ. ಅದು ಸುಮ್ಮನೆ ಉರಿದು ವ್ಯರ್ಥವಾಗಬಾರದಲ್ಲ?”

“ಇದು ನಮ್ಮಮ್ಮನ ಬೆಂಕಿ. ನನ್ನ ತಂಗಿಗೆ ಕಳಿಸಿದ್ದು. ಅಲ್ಲಿ ಕೂಸು ಸಾಯ್ತಾ ಇದೆ. ಯಾಕೆ ಊದಿಲ್ಲ ನೀನು?”

“ಊದ್ತೀನಿ ತಾಯಿ, ಊದದೆ ಇರ್ತೀನಾ? ಪಡುವಲಿನವರು ಊಟದ ಹೊತ್ತಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ತಾರೆ, ಆಗ ಊದಿದ್ರೆ ಕೇಳಿಸಲ್ಲ. ಅವರು ಹತ್ತಿ ತೆಗೆದಾಗ ನನ್ನ ಅಡಿಗೆ ಆಗಿರಲ್ಲ. ಎರಡೂ ಕೂಡಿ ಬರಬೇಕು.” ಅನ್ನದ ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿದ. “ಇನ್ನೇನು, ಬೇಯ್ತಾ ಬಂತು. ಅನ್ನ ಬಾಗಿಸಿದ ಮೇಲೆ ಊದಿಬಿಡ್ತೀನಿ. ನೀವೂ ಒಂದು ತುತ್ತು ತಿಂದುಕೊಂಡು ಹೋಗಿ.”

ನಾನು ಏನು ಮಾಡಿದೆ ಅಂತ ನನಗೆ ಪೂರ್ತಿ ನೆನಪಿಲ್ಲ. ಸಾರಿನ ಮಡಕೆಯನ್ನು ಎತ್ತಿ ನೆಲಕ್ಕೆ ಸುರಿದದ್ದು ನೆನಪಿದೆ. ಅವನು, “ಅಯ್ಯಯ್ಯೋ, ಒಗ್ಗರಣೆ ಹಾಕಿದ್ದೆ!” ಅಂದದ್ದು ನೆನಪಿದೆ. ಅದೇ ಮಡಕೆಗೆ ಒಲೆಯ ಬೂದಿ ತುಂಬಿದೆ. ಅನ್ನದ ತಪ್ಪಲೆಯನ್ನು ಪಕ್ಕಕ್ಕೆ ಒದ್ದೆ. ಎರಡೂ ಒಲೆಯ ಕೆಂಡವನ್ನು ಅವನ ಸೌಟಿನಲ್ಲೇ ಗೋರಿ ಮಡಕೆಗೆ ಹಾಕಿದೆ. ಸೌಟಿಗೆ ಸಿಗದ್ದನ್ನು ಕೈಯಿಂದಲೇ ಬಾಚಿದೆ. ಮೇಲೆ ಮತ್ತೆ ಬೂದಿ ಸುರಿದು ಅಂಗೈಯಿಂದ ಒತ್ತಿ ಮುಚ್ಚಿದೆ. ಒಲೆಯ ಮುಂದೆ ಬೆಳೆದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೂದಿ ಮುಚ್ಚಿದ ಕೆಂಡ ಮಾರನೆಯ ದಿನದವರೆಗೂ ಒಳಗೊಳಗೇ ಇರುತ್ತದೆ. ದೀಪ ಕಂಡರೆ ಆರಿಸುವ ಗಾಳಿಗೆ ಬೂದಿಯ ಅಡಿಯಲ್ಲಿರುವುದು ಕಾಣುವುದಿಲ್ಲ. ಕಣಿವೆಯನ್ನು ಇಷ್ಟು ಸಲ ದಾಟಿದ ನನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಹೊತ್ತು ದಾಟಿಸಬಾರದು ಅಂತ ಹುಟ್ಟಿದಾಗಿನಿಂದ ಕೇಳಿದ ಕಿವಿ, ಅಷ್ಟೇ. ಹೇಳಿದ್ದನ್ನು ಕೇಳಿ ಕೇಳಿ ಮಂಕಾಗಿತ್ತು ತಲೆ.

ಮಡಕೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಓಡಿದೆ. ಹಿಂದಿನಿಂದ ಅವನು ಕೂಗಿದ, “ತಾಯಿ, ಹೊತ್ಕೊಂಡು ಹೋದ ಬೆಂಕಿ ಲೆಕ್ಕಕ್ಕೆ ಬರಲ್ಲ!”

“ಲೆಕ್ಕಕ್ಕೆ ಬರೋದು ಬೇಡ ಕಣೋ,” ಅಂತ ನಾನೂ ಕೂಗಿದೆ, “ಒಲೆಗೆ ಬಂದ್ರೆ ಸಾಕು!”

ಕಣಿವೆಯಲ್ಲಿ ಗಾಳಿ ಅಡ್ಡಡ್ಡ ಬಿತ್ತು. ಸೆರಗು ಕಿತ್ತಿತು, ಕೂದಲು ಬಿಚ್ಚಿತು, ಕಣ್ಣಿಗೆ ಮಣ್ಣು ತುಂಬಿತು. ಮಡಕೆ ಎದೆಯನ್ನು ಸುಡುತ್ತಿತ್ತು, ಅಂಗೈ ಬೊಬ್ಬೆ ಏಳುತ್ತಿತ್ತು. ಸುಡುವವರೆಗೂ ಆರಿಲ್ಲ ಅಂತ ಧೈರ್ಯ. ಸುಡು, ಇನ್ನೂ ಸುಡು ಅನ್ನುತ್ತ ಓಡಿದೆ.

ಚೆನ್ನಾಜಿಯ ಮನೆಯ ಬಾಗಿಲು ಹಾಕಿ ಅಗುಳಿ ಜಡಿದೆ. ಒಲೆಗೆ ಪುರುಳೆ ಕಡ್ಡಿ ಒಟ್ಟಿದೆ. ಬೂದಿ ಕೆದಕಿ ಕೆಂಡ ಸುರಿದು, ಊದುಗೊಳವೆಗೆ ಬಾಯಿಟ್ಟು ಊದಿದೆ. ಒಂದು ಸಲಕ್ಕೆ ಹೊಗೆ ಬಂತು. ಇನ್ನೊಂದು ಸಲಕ್ಕೂ ಹೊಗೆ. ಆಮೇಲೆ ಉರಿ ಎದ್ದಿತು. ಚೆನ್ನಾಜಿ ತೆವಳಿಕೊಂಡು ಒಲೆಯ ಮುಂದೆ ಬಂದು, ಕೂಸಿನ ಎರಡು ಪಾದವನ್ನೂ ಉರಿಯ ಕಡೆಗೆ ಹಿಡಿದಳು. ಅವ್ವಾ, ನಮ್ಮವ್ವಾ ಅಂತ ಮಾತ್ರ ಬೆಂಕಿಯನ್ನು ನೋಡಿ ಅಂದಳು.

ಕೂಸಿಗೆ ನೀರು ಕಾಯಿಸೋಣ ಅಂತ ನೋಡಿದರೆ ಗುಡಾಣದಲ್ಲಿ ತೊಟ್ಟು ನೀರಿಲ್ಲ. ಬಾವಿಗೆ ಹೋಗಿ ಸೇದಲು ನನ್ನ ಅಂಗೈ ಒಪ್ಪುವ ಹಾಗಿರಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆಗೆದೆ. ಪಡುವಲ ಕಿಂಡಿಯವನು. ತಲೆಯ ಮೇಲೆ ತುಂಬಿದ ದೊಡ್ಡ ಕೊಡ.

“ಈ ಮನೆಯ ಸೂರಿನಲ್ಲಿ ಹೊಗೆ ಕಾಣ್ತಿದೆ,” ಅಂದ. “ಈ ಮನೆಯವರ ಗೂಡು ಖಾಲಿ. ಗೂಡು ಖಾಲಿ ಇದ್ದವರ ಒಲೆ ಉರಿಯೋ ಹಾಗಿಲ್ಲ. ನಂದಿಸೋಕೆ ಬಂದಿದ್ದೀನಿ.”

ನಾನು ಪೊರಕೆಗೆ ಕೈ ಹಾಕಿದೆ. ಚೆನ್ನಾಜಿ ಕೂತಲ್ಲಿಂದಲೇ ನನ್ನ ಸೀರೆ ಹಿಡಿದೆಳೆದಳು. ಅಷ್ಟು ದಿನ ಮಾತೇ ಆಡದೆ ಕೂತಿದ್ದವಳು ತಣ್ಣಗೆ ಕೇಳಿದಳು, “ಯಾವುದನ್ನ ನಂದಿಸ್ತೀಯಪ್ಪಾ?”

“ಇದನ್ನ. ಉರೀತಾ ಇದೆಯಲ್ಲ, ಇದನ್ನ.”

“ಇದು ನಮ್ಮಕ್ಕ ಕಳಿಸಿದ ಬೆಂಕಿ. ಬಂದಿದೆಯಾ?”

“ಬಂದಿಲ್ಲ,” ಅಂದ ಅವನು, ಅಭ್ಯಾಸಬಲದಿಂದ.

“ಬಂದೇ ಇಲ್ಲದ್ದನ್ನ ಹೇಗಪ್ಪಾ ನಂದಿಸ್ತೀಯ?”

ಅವನು ತಲೆಯ ಮೇಲಿನ ಕೊಡ ಸರಿಪಡಿಸಿಕೊಂಡ. ಒಲೆಯನ್ನು ನೋಡಿದ. ಒಲೆ ಧಗಧಗ ಉರಿಯುತ್ತಿತ್ತು.

“ಬಂದಿದೆ ಅಂತ ಮೊದಲು ನಿನ್ನ ಬಾಯಲ್ಲಿ ಹೇಳು,” ಅಂದಳು ಚೆನ್ನಾಜಿ. “ಹೇಳಿದ ಮೇಲೆ ಇದು ನನ್ನ ಬೆಂಕಿ. ಬಂದು ಸೇರಿದ ಬೆಂಕೀನ ನಾನಲ್ಲದೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ, ನಿಮ್ಮ ಬೆಂಕಿಮನೆಯವರೇ ಮಾಡಿರೋ ಕಟ್ಟಳೆ. ಬಂದಿಲ್ಲ ಅಂತೀಯಾ, ಇಲ್ಲಿ ನಂದಿಸೋಕೆ ಏನೂ ಇಲ್ಲ. ಎರಡರಲ್ಲಿ ಒಂದು ಹೇಳು.”

ಅವನ ಹಣೆಯಲ್ಲಿ ಬೆವರು ಬಂತು. ಕಾವಿಗೋ ಯೋಚನೆಗೋ ಗೊತ್ತಿಲ್ಲ. ಬಂದಿದೆ ಅನ್ನಲು ಅವನಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಬಂದಿಲ್ಲ ಅನ್ನಲು ಎದುರಿಗಿದ್ದ ಉರಿ ಬಿಡುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಕಿಂಡಿಯ ಈಚೆ, ನಾವು ನಿಲ್ಲುವ ಕಡೆ ನಿಂತು ಕಾದ ಹಾಗೆ ಕಾಣಿಸಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಬೊಬ್ಬೆಯ ಉರಿಯೂ ಮರೆತುಹೋಯಿತು.

“ದೊಡ್ಡವರನ್ನ ಕೇಳ್ಕೊಂಡು ಬರ್ತೀನಿ,” ಅಂದ ಕೊನೆಗೆ.

“ಕೇಳ್ಕೊಂಡು ಬಾ,” ಅಂದೆ ನಾನು. “ಅಷ್ಟು ದೂರ ಆ ಭಾರ ಯಾಕೆ ಹೊರ್ತೀಯ? ಕೊಡ ಇಲ್ಲಿಳಿಸಿ ಹೋಗು.”

ಇಳಿಸಿ ಹೋದ. ಅವನು ಬೀದಿಯ ತಿರುವು ದಾಟುವುದರೊಳಗೆ ನಾವು ಆ ನೀರನ್ನು ಹಂಡೆಗೆ ಸುರಿದು ಒಲೆಯ ಮೇಲೆ ಏರಿಸಿದೆವು. ನೀರು ಹದವಾಗಿ ಕಾದ ಮೇಲೆ ನಾನು ಕಾಲು ನೀಡಿ ಕೂತೆ. ಚೆನ್ನಾಜಿ ಕೂಸಿಗೆ ಹರಳೆಣ್ಣೆ ಒತ್ತಿ ನನ್ನ ಕಾಲ ಮೇಲೆ ಮಲಗಿಸಿದಳು. ನೆತ್ತಿಗೆ ಅಡ್ಡ ಕೈ ಹಿಡಿದು ಒಂದು ಚೊಂಬು ಬಿಸಿನೀರು ಹುಯ್ದೆ. ಕೂಸು ಮೊದಲು ಬೆಚ್ಚಿಬಿತ್ತು. ಆಮೇಲೆ ಮೈಯೆಲ್ಲ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಹುಟ್ಟಿದ ಮೇಲೆ ಮೊದಲ ಸಲ, ಬಾಯ್ತುಂಬ ಅತ್ತಿತು.